ಬಿದಿರು ಇಳಿಯಿತು, ಕಂಚು ಏರಿತು

(ಜಮಖಂಡಿ ತಾಲೂಕಿನ ತುಬಚಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹರೂಪ. ಬೆಟ್ಟದ ಊರುಗಳ ಓದುಗರಿಗೂ ಸಲ್ಲುವ ಮಾತುಗಳಿವು ಎಂಬ ಕಾರಣಕ್ಕೆ ಇಲ್ಲಿ ಪ್ರಕಟಿಸಲಾಗಿದೆ.)



ಬೆಟ್ಟದ ಜನರ ವಾದ್ಯಗಳ ಬಗ್ಗೆ ಬಯಲುಸೀಮೆಯ ಊರೊಂದರಲ್ಲಿ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕೃಷ್ಣೆಯ ಸೀಮೆಯ ಜನರಿಗೆ ಬೆಟ್ಟ ದೂರದ ಸಂಗತಿಯೇನಲ್ಲ. ನಿಮ್ಮ ಹೊಲಕ್ಕೆ ಬರುವ ನೀರು ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟಿದ್ದು. ಅಲ್ಲಿ ಸುರಿದ ಮಳೆ 2019ರ ಮಹಾಪೂರವಾಗಿ ಈ ತಾಲೂಕಿನ ಅನೇಕ ಮನೆಗಳ ಬಾಗಿಲಿಗೆ ಬಂದುದನ್ನು ನೀವು ಕಂಡಿದ್ದೀರಿ. ಇಲ್ಲಿಂದ ಎತ್ತರದ ನೆಲಕ್ಕೆ ಕೃಷ್ಣೆಯನ್ನು ಏರಿಸುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯು ನಿಮ್ಮೂರಿನ ಹೆಸರನ್ನೇ ಹೊತ್ತಿದೆ. ಮೇಲಿನದು ಕೆಳಗೆ ಬರುವುದು, ಕೆಳಗಿನದು ಮೇಲಕ್ಕೆ ಹೋಗುವುದು ಎಂದರೇನೆಂದು ನಿಮಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಈ ಏರಿಳಿತವು ನೀರಿನದಷ್ಟೇ ಆಗಿರಲಿಲ್ಲ, ನಾದದ್ದೂ ಆಗಿತ್ತು ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಬೆಟ್ಟದ ಬಿದಿರು ಬಯಲಿಗೆ ಇಳಿಯಿತು. ಪೇಟೆಯ ಕಂಚು ಬೆಟ್ಟಕ್ಕೆ ಏರಿತು. ಇವೆರಡೂ ಕೂಡಿದ ಕಡೆ ನಮ್ಮ ನಾಡಿನ ಹಾಡು, ಕುಣಿತ, ಜಾತ್ರೆಗಳು ಬೆಳೆದವು. ಆ ದಾರಿಯಲ್ಲಿ ಬಿದಿರು ಇಳಿಯುವ ಭಾಗ ಈಗ ಮುರಿದುಹೋಗಿದೆ. ಅದು ಏಕೆ ಮುರಿಯಿತು, ಮತ್ತೆ ಕೂಡಿಸಲು ನಾವೇನು ಮಾಡಬಹುದು ಎಂಬುದೇ ಇಂದಿನ ವಿಷಯ.

ನಿಮ್ಮೂರಿನ ವಾದ್ಯಗಳಿಂದಲೇ ಆರಂಭಿಸೋಣ. ತತ್ತ್ವಪದ ಹಾಡುವವರ ಏಕತಾರಿಯನ್ನು ನೋಡಿರಿ. ಅದರ ಬುರುಡೆ ಸೋರೆಯದು, ದಂಡ ಬಿದಿರಿನದು. ಭಜನೆಯ ತಾಳ ಕಂಚಿನದು. ಕರಡಿ ಮಜಲಿನಲ್ಲಿ ಕರಡಿಯ ಗಡಸು ಸದ್ದಿನ ನಡುವೆ ಲಯವನ್ನು ಹಿಡಿದಿಡುವುದು ಲೋಹದ ತಾಳ. ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಮೊಳಗುವುದು ಜಾಗಟೆ. ಈ ಊರಿನ ಸುತ್ತ ಬಿದಿರಿನ ಕಾಡಿಲ್ಲ, ಕಂಚಿನ ಗಣಿಯಿಲ್ಲ. ಎರಡೂ ಬೇರೆಡೆಯಿಂದ ಬಂದವು. ವಾದ್ಯವೊಂದು ನಮ್ಮದಾಗುವ ಮುನ್ನ ಎಷ್ಟು ಊರುಗಳನ್ನು, ಎಷ್ಟು ಕೈಗಳನ್ನು ದಾಟಿ ಬಂದಿದೆ ಎಂದು ನಾವು ವಿಚಾರಿಸುವುದು ಕಡಿಮೆ.

ಬಿದಿರನ್ನು ಬಲ್ಲ ಕೈ

ಬಿದಿರು ಮರವಲ್ಲ, ಹುಲ್ಲಿನ ಜಾತಿಗೆ ಸೇರಿದ ಸಸ್ಯ. ಒಳಗೆ ಟೊಳ್ಳು, ಅಲ್ಲಲ್ಲಿ ಗೆಣ್ಣು. ಈ ಟೊಳ್ಳೇ ಅದನ್ನು ವಾದ್ಯವಾಗಿಸಿತು. ಆದರೆ ಎಲ್ಲ ಬಿದಿರೂ ವಾದ್ಯವಾಗುವುದಿಲ್ಲ. ನಮ್ಮ ಘಟ್ಟಗಳಲ್ಲಿ ಬೆಳೆಯುವ ಮುಳ್ಳಿನ ಹೆಬ್ಬಿದಿರು ಬುಟ್ಟಿಗೆ, ಏಣಿಗೆ, ಚಪ್ಪರಕ್ಕೆ ಒದಗುತ್ತದೆ. ಒಣ ಬೆಟ್ಟಗಳ ಕಿರುಬಿದಿರು ಹೆಚ್ಚು ಗಟ್ಟಿ, ಅದರ ಒಳಟೊಳ್ಳು ಕಿರಿದು. ಕೋಲಿಗೆ, ಗುದ್ದಲಿಯ ಕಾವಿಗೆ ಅದು ಸರಿ. ಹೆಚ್ಚು ಮಳೆಯಾಗುವ ಕಣಿವೆಗಳಲ್ಲಿ ಹೊಳೆಯ ಅಂಚಿಗೆ ಬೆಳೆಯುವ ವಾಟೆಯ ಗೋಡೆ ತೆಳು, ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದ. ಕೊಳಲಿಗೆ ಬೇಕಾದುದು ಇಂತಹ ಬಿದಿರು. ಇಂದು ದಕ್ಷಿಣಾದಿ ಸಂಗೀತದ ಕೊಳಲಿಗೆ ಕೇರಳ ಮತ್ತು ತಮಿಳುನಾಡಿನ ಘಟ್ಟಗಳ ಬಿದಿರೂ, ಹಿಂದುಸ್ತಾನಿ ಬಾನ್ಸುರಿಗೆ ಅಸ್ಸಾಮಿನ ಬಿದಿರೂ ಹೆಸರುವಾಸಿ. ವೇದಿಕೆಯ ಮೇಲೆ ಕಲಾವಿದರು ನುಡಿಸುವ ಕೊಳಲಿನ ಹಿಂದೆ ಬಿದಿರನ್ನು ಆಯ್ದು ತಂದ ಬೆಟ್ಟದ ಕೂಲಿಯವನೊಬ್ಬ ಇದ್ದಾನೆ. ಅವನ ಹೆಸರು ಯಾವ ಆಮಂತ್ರಣ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ.

ಬಿದಿರನ್ನು ಕಡಿಯುವುದಕ್ಕೂ ಒಂದು ಶಾಸ್ತ್ರವಿದೆ. ಮಳೆಗಾಲದಲ್ಲಿ ಮೆಳೆಯಿಂದ ಕಳಲೆ ಏಳುತ್ತದೆ. ಆಗ ಮೆಳೆಗೆ ಕತ್ತಿ ಹಾಕಬಾರದು. ಎಳೆಯದನ್ನು ಕಡಿದರೆ ಒಣಗುವಾಗ ಸುಕ್ಕುಗಟ್ಟುತ್ತದೆ, ಬಿರಿಯುತ್ತದೆ. ಮೂರು ವರ್ಷ ದಾಟಿದ ಗಳವನ್ನೇ ಆರಿಸಬೇಕು. ಮಳೆ ನಿಂತು ಚಳಿ ಹಿಡಿದ ಮೇಲೆ ಕಡಿಯಬೇಕು. ಅನೇಕ ಕಡೆ ಕೃಷ್ಣಪಕ್ಷದಲ್ಲಿಯೇ ಕಡಿಯುವ ವಾಡಿಕೆಯಿದೆ. ಪಿಷ್ಟದ ಅಂಶ ಹೆಚ್ಚಿರುವ ಬಿದಿರಿಗೆ ಕೊರೆಯುವ ಹುಳು ಬೇಗ ತಗಲುತ್ತದೆ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಕಡಿದುದನ್ನು ನೆರಳಿನಲ್ಲಿ ಒಣಗಿಸಬೇಕು. ಕಾಯಿಸಿದ ಕಬ್ಬಿಣದ ಸಲಾಕೆಯಿಂದ ತೂತು ಕೊರೆಯಬೇಕು. ತೂತಿನ ಸ್ಥಾನ ಕೂದಲೆಳೆಯಷ್ಟು ತಪ್ಪಿದರೂ ಸ್ವರ ತಪ್ಪುತ್ತದೆ. ಇಷ್ಟೆಲ್ಲವನ್ನೂ ಕಲಿಸುವ ಶಾಲೆ ಯಾವುದು? ಮೆಳೆಯ ಬುಡದಲ್ಲಿ ತಂದೆಯ ಜೊತೆಗೆ ನಿಂತ ಮಗನೇ ಅಲ್ಲಿಯ ವಿದ್ಯಾರ್ಥಿ.

ಮಲೆನಾಡಿನ ಮಕ್ಕಳು ಚೌತಿಯ ದಿನಗಳಲ್ಲಿ ಬಿದಿರಿನ ನಳಿಗೆಯಿಂದ ಪೆಟ್ಲು ಮಾಡಿ ಸದ್ದು ಹೊರಡಿಸುತ್ತಾರೆ. ಬೆಳೆ ಕಾಯುವವರು ಸೀಳಿದ ಬಿದಿರನ್ನು ಬಡಿದು ಹಕ್ಕಿಗಳನ್ನು ಓಡಿಸುತ್ತಾರೆ. ಕೊಳಲು ಹುಟ್ಟಿದ್ದು ಇಂತಹ ದಿನಬಳಕೆಯ ಸದ್ದುಗಳ ಜೊತೆಯಲ್ಲಿ. ಬಿದಿರು ಕೈಗೆ ಸುಲಭವಾಗಿ ಸಿಗುವ ಕಡೆ ಮಾತ್ರ ಮಗುವೊಂದು ಹತ್ತು ಗಳ ಹಾಳುಮಾಡಿ ಹನ್ನೊಂದನೆಯದರಲ್ಲಿ ಸ್ವರ ಕಾಣಬಲ್ಲುದು.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಸೋಲಿಗರಿದ್ದಾರೆ. ತಾವು ಬಿದಿರಿನಿಂದ ಹುಟ್ಟಿ ಬಂದವರು ಎಂಬ ಐತಿಹ್ಯ ಅವರಲ್ಲಿದೆ. ಅವರ ಗೊರುಕಾನದ ಹಾಡುಗಳಲ್ಲಿ ಕಾಡಿನ ಪ್ರಾಣಿ, ಪಕ್ಷಿ, ಗಿಡ, ಜೇನು ಎಲ್ಲವೂ ಬರುತ್ತವೆ. ಗಂಡಸರು, ಹೆಂಗಸರು ಸುತ್ತುಗಟ್ಟಿ ಹೆಜ್ಜೆ ಹಾಕುತ್ತಾ ಹಾಡುತ್ತಾರೆ. ಬಿದಿರು ಅವರಿಗೆ ಊಟದಲ್ಲಿ ಕಳಲೆ, ಮನೆಯಲ್ಲಿ ಗೋಡೆ, ಕೈಯಲ್ಲಿ ಬುಟ್ಟಿ, ಕಥೆಯಲ್ಲಿ ತಾಯಿ. ಇಂತಹ ಜನರಿಗೆ ಬಿದಿರು ಕಡಿಯುವುದು ಅಪರಾಧವೆಂದು ಹೇಳಿದಾಗ ಅವರ ಬದುಕಿನಲ್ಲಿ ಏನೇನು ಕಡಿದುಹೋಗುತ್ತದೆ ಎಂಬುದನ್ನು ನೀವೇ ಊಹಿಸಿರಿ.

ಬೆಟ್ಟಕ್ಕೆ ಏರಿದ ಕಂಚು

ಇನ್ನು ಕಂಚಿನ ಮಾತು. ತಾಮ್ರ ಮೆದುವಾದ ಲೋಹ, ತವರವೂ ಅಷ್ಟೇ. ನೂರು ಭಾಗದಲ್ಲಿ ಸುಮಾರು 78 ಭಾಗ ತಾಮ್ರ, 22 ಭಾಗ ತವರ ಬೆರೆಸಿ ಕರಗಿಸಿದರೆ ಗಟ್ಟಿಯಾದ, ಬಡಿದರೆ ಬಹಳ ಹೊತ್ತು ಮೊರೆಯುವ ಕಂಚು ಆಗುತ್ತದೆ. ಅದರ ಗುಣವೇ ಅದರ ದೋಷವೂ ಹೌದು: ನೆಲಕ್ಕೆ ಬಿದ್ದರೆ ಸೀಳುತ್ತದೆ, ಸೀಳಿದ ಕಂಚು ನಾದ ಕೊಡುವುದಿಲ್ಲ. ಕಂಚುಗಾರನು ಅದನ್ನು ಕಾಯಿಸಿ, ಬಡಿದು, ಅಂಚನ್ನು ತೆಳುಮಾಡಿ ಸ್ವರಕ್ಕೆ ತರುತ್ತಾನೆ. ತವರವು ನಮ್ಮ ದೇಶದಲ್ಲಿ ದೊರೆಯುವುದೇ ವಿರಳ. ಛತ್ತೀಸಗಡದ ಬಸ್ತರ್ ಪ್ರದೇಶದಲ್ಲಿ ಅಲ್ಪ ಪ್ರಮಾಣದಲ್ಲಿ ಸಿಗುತ್ತದೆ. ಮಿಕ್ಕದ್ದು ಸಮುದ್ರ ದಾಟಿ ಬರಬೇಕು. ಹೀಗಾಗಿ ಬೆಟ್ಟದ ತುದಿಯಲ್ಲಿ ಮೊಳಗುವ ಪುಟ್ಟ ತಾಳದ ಹಿಂದೆಯೂ ವ್ಯಾಪಾರದ ದೊಡ್ಡ ದಾರಿಯೊಂದಿದೆ.

ಆ ದಾರಿಯ ಸೊಗಸಾದ ಉದಾಹರಣೆ ಕಂಸಾಳೆ. ಎಡಗೈಯಲ್ಲಿ ಕಂಚಿನ ಬಟ್ಟಲು. ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಟ್ಟೆ. ದಾರದ ಉದ್ದಕ್ಕೂ ತಟ್ಟೆಯನ್ನು ಬೀಸಿ, ತಲೆಯ ಮೇಲೆ, ಬೆನ್ನ ಹಿಂದೆ, ನೆಲದ ಸಮೀಪ ತಂದು ಬಟ್ಟಲಿಗೆ ತಾಗಿಸುತ್ತಾರೆ. ಇದನ್ನು ನುಡಿಸುವವರು ಮಲೆಯ ಮಾದಪ್ಪನ ದೇವರಗುಡ್ಡರು. ಅವರು ಹಾಡುವ ಮಹಾಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಆ ಕಾವ್ಯದ ಹೃದಯಭಾಗವಾದ ಸಂಕಮ್ಮನ ಸಾಲಿನಲ್ಲಿ ಬರುವವಳು ಒಬ್ಬ ಸೋಲಿಗರ ಹೆಣ್ಣುಮಗಳು. ಅವಳ ಗಂಡ ಜೇನು ತರಲು ಕಾಡಿಗೆ ಹೋಗುವವನು. ಗಮನಿಸಿರಿ: ಹಾಡುವವರು ಬಯಲಿನ ಊರುಗಳ ಭಕ್ತರು, ಲೋಹ ಪೇಟೆಯ ಕಂಚುಗಾರನದು, ಕಥೆ ಬೆಟ್ಟದ ಹೆಣ್ಣಿನದು. ಕಂಸಾಳೆ ಮಹದೇವಯ್ಯನವರಂತಹ ಕಲಾವಿದರು ಆ ಕಲೆಯನ್ನು ದೂರದ ವೇದಿಕೆಗಳಿಗೂ ಕೊಂಡೊಯ್ದರು.

ಬಿಳಿಗಿರಿರಂಗನ ಕಥೆಯೂ ಹೀಗೆಯೇ. ರಂಗಸ್ವಾಮಿಯು ಸೋಲಿಗರ ಹುಡುಗಿ ಕುಸುಮಾಲೆಯನ್ನು ವರಿಸಿದನೆಂದು ಜನಪದರು ಹಾಡುತ್ತಾರೆ. ಆದುದರಿಂದ ಸೋಲಿಗರಿಗೆ ದೇವರು ಭಾವನಾಗುತ್ತಾನೆ. ಶಂಖ, ಜಾಗಟೆ ಹಿಡಿದ ದಾಸಯ್ಯಗಳು ಬಯಲಿನಿಂದ ಬೆಟ್ಟ ಏರಿದರು. ಜಾಗಟೆಯ ಸದ್ದು ಬೆಟ್ಟಕ್ಕೆ ನೆಂಟನಾಗಿ ಬಂದಿತೇ ಹೊರತು ಒಡೆಯನಾಗಿ ಬರಲಿಲ್ಲ.

ದೂರದ ಬೆಟ್ಟಗಳಲ್ಲಿ

ಇದು ನಮ್ಮ ನಾಡಿನ ವಿಶೇಷವಷ್ಟೇ ಅಲ್ಲ. ವಿಯೆಟ್ನಾಮಿನ ಮಧ್ಯ ಎತ್ತರನಾಡಿನಲ್ಲಿ ಬಾನಾ, ಜರಾಯ್, ಎಡೆ, ಮ್ನಾಂಗ್ ಮುಂತಾದ ಬುಡಕಟ್ಟುಗಳಿವೆ. ಅವರ ಜಾಗಟೆಗಳ ಸಂಸ್ಕೃತಿಯನ್ನು ಯುನೆಸ್ಕೊ ಸಂಸ್ಥೆಯು 2005ರಲ್ಲಿ ಮಾನವಕುಲದ ಪರಂಪರೆಯೆಂದು ಘೋಷಿಸಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಆ ಬೆಟ್ಟದ ಜನ ಜಾಗಟೆಯನ್ನು ತಾವು ಎರಕ ಹೊಯ್ಯುತ್ತಿರಲಿಲ್ಲ. ಬಯಲಿನವರಿಂದ, ನೆರೆನಾಡುಗಳಿಂದ ಕೊಂಡು ತಂದು, ತಮ್ಮ ಕಿವಿಗೆ ಒಪ್ಪುವಂತೆ ಬಡಿದು ತಿದ್ದಿಕೊಳ್ಳುತ್ತಿದ್ದರು. ಬಿದಿರಿನ ವಾದ್ಯಗಳನ್ನಾದರೋ ತಾವೇ ಮಾಡಿಕೊಂಡರು: ಕೋಲಿನಿಂದ ನುಡಿಸುವ ಬಿದಿರಿನ ಸಾಲು, ನಳಿಗೆಯ ಬಾಯಿಯ ಎದುರು ಚಪ್ಪಾಳೆ ತಟ್ಟಿ ಗಾಳಿಯಿಂದಲೇ ನಾದ ಹೊರಡಿಸುವ ವಾದ್ಯ. ಇಲ್ಲಿಯಂತೆಯೇ ಅಲ್ಲಿಯೂ ಬಿದಿರು ಮನೆಯದು, ಕಂಚು ನೆಂಟರದು.

ಆ ಜಾಗಟೆಗಳ ನುಡಿಸಾಣಿಕೆಯಲ್ಲಿ ಒಂದು ಪಾಠವಿದೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದೇ ಜಾಗಟೆ. ಒಂದೊಂದಕ್ಕೆ ಒಂದೊಂದೇ ಸ್ವರ. ತನ್ನ ಸರದಿ ಬಂದಾಗ ಬಡಿಯಬೇಕು, ಉಳಿದ ಹೊತ್ತು ಪಕ್ಕದವನನ್ನು ಕೇಳಬೇಕು. ಎಷ್ಟೇ ನಿಪುಣನಾದರೂ ಒಬ್ಬನಿಂದ ಹಾಡು ಹುಟ್ಟುವುದಿಲ್ಲ. ಊರಿನಿಂದ ನಾಲ್ವರು ಕೂಲಿಗೆ ವಲಸೆ ಹೋದರೆ ಹಾಡಿನಿಂದ ನಾಲ್ಕು ಸ್ವರ ಹೋಗುತ್ತವೆ. ಕಾಡು ಕಡಿದು ಕಾಫಿ ತೋಟಗಳು ಹಬ್ಬಿದಂತೆ ಆ ಎತ್ತರನಾಡಿನ ಊರುಗಳ ಬದುಕು ಬದಲಾಯಿತು, ಬದುಕಿನೊಡನೆ ಜಾಗಟೆ ನುಡಿಸುವ ಹಬ್ಬಗಳೂ ಕಡಿಮೆಯಾದವು. ಕೊಡಗು, ಚಿಕ್ಕಮಗಳೂರುಗಳ ಬೆಟ್ಟಗಳನ್ನು ಬಲ್ಲ ನಮಗೆ ಇದು ಅಪರಿಚಿತ ಕಥೆಯಲ್ಲ.

ಫಿಲಿಪೈನ್ಸಿನ ಲುಜೋನ್ ದ್ವೀಪದ ಬೆಟ್ಟಗಳಲ್ಲಿ ಕಾಲಿಂಗ ಜನರಿದ್ದಾರೆ. ಗಾಂಗ್ಸಾ ಎಂಬ ಚಪ್ಪಟೆ ಜಾಗಟೆಯನ್ನೂ, ನೆಲಕ್ಕೆ ಕುಟ್ಟಿ ನುಡಿಸುವ ಬಿದಿರಿನ ನಳಿಗೆಗಳನ್ನೂ ಅವರು ಬಳಸುತ್ತಾರೆ. ಅವರ ಚಿಕೊ ನದಿಗೆ ಅಣೆಕಟ್ಟುಗಳನ್ನು ಕಟ್ಟುವ ಯೋಜನೆ ಬಂದಾಗ ಅವರು ವಿರೋಧಿಸಿದರು. ಅವರ ಮುಖಂಡ ಮಕ್ಲಿಇಂಗ್ ದುಲಾಗ್ ಅವರನ್ನು 1980ರ ಏಪ್ರಿಲ್ 24ರಂದು ಸೈನಿಕರು ಗುಂಡಿಟ್ಟು ಕೊಂದರು. ಕೊನೆಗೆ ಆ ಅಣೆಕಟ್ಟುಗಳ ಯೋಜನೆಯನ್ನು ಕೈಬಿಡಬೇಕಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನೂ, ನದಿದಂಡೆಯ ಅನೇಕ ಊರುಗಳನ್ನೂ ಬಿಟ್ಟುಕೊಟ್ಟ ಈ ಜಿಲ್ಲೆಯ ಜನರಿಗೆ, ಊರು ಮುಳುಗಿದರೆ ಜಾತ್ರೆಯ ದಾರಿಯೂ ಮೇಳ ಕೂಡುತ್ತಿದ್ದ ಕಟ್ಟೆಯೂ ಮುಳುಗುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ದಾರಿ ಮುರಿದದ್ದು ಎಲ್ಲಿ?

ಈಗ ನಮ್ಮ ಬಿದಿರಿನ ಕಡೆಗೆ ಮರಳೋಣ. ಈ ಸೀಮೆಯ ಪೇಟೆಗಳಲ್ಲಿ ಮೇದಾರರ ಮನೆಗಳಿವೆ. ಅವರನ್ನು ಬುರುಡರೆಂದೂ ಕರೆಯುತ್ತಾರೆ. ಮೊರ, ಬುಟ್ಟಿ, ತಟ್ಟಿ, ತೊಟ್ಟಿಲುಗಳನ್ನು ಹೆಣೆದು ಕೊಟ್ಟವರು ಅವರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದ ಮೇದಾರ ಕೇತಯ್ಯನನ್ನು ಶರಣರು ತಮ್ಮ ಸಮಾನನೆಂದು ಕಂಡರು. ಬಿದಿರಿನ ಕಾಯಕಕ್ಕೆ ಅಷ್ಟು ಗೌರವ ಕೊಟ್ಟ ನಾಡು ಇದು. ಬೆಟ್ಟದ ಬಿದಿರು ಬಯಲಿಗೆ ಇಳಿದದ್ದು ಇವರ ತಲೆಹೊರೆಯ ಮೇಲೆ, ಎತ್ತಿನ ಗಾಡಿಯ ಮೇಲೆ.

1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಉತ್ತರ ಕನ್ನಡದ ಬಿದಿರು ಅದರ ಕಚ್ಚಾವಸ್ತುವಾಯಿತು. ಆರಂಭದಲ್ಲಿ ಟನ್ನಿಗೆ ಕೇವಲ ಒಂದೂವರೆ ರೂಪಾಯಿಯಂತೆ ಬಿದಿರು ದೊರೆಯುತ್ತಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವವನಿಗೆ ಆ ದರ ಕನಸಿನಲ್ಲಿಯೂ ಸಿಗುವಂತಿರಲಿಲ್ಲ. ಬಿದಿರು ವಿರಳವಾಗತೊಡಗಿದಾಗ ಬುಟ್ಟಿ ನೇಯುವವರು ದನಿ ಎತ್ತಿದರು. 1970ರ ದಶಕದಲ್ಲಿ ಸರ್ಕಾರವು ಗಾಡ್ಗೀಳರನ್ನು ಅಧ್ಯಯನಕ್ಕೆ ಕೇಳಿಕೊಂಡಿತು.

ಆ ಅಧ್ಯಯನದಲ್ಲಿ ಹೊರಬಿದ್ದ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಮರೆಯಬಾರದು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಗಳ ಹೆಣಿಗೆ ಇರುತ್ತದೆ. ಈ ಮುಳ್ಳನ್ನು ಸವರಿ ತೆಗೆದರೆ ಗಳಗಳು ನೇರವಾಗಿ, ಇಕ್ಕಟ್ಟಿಲ್ಲದೆ ಬೆಳೆಯುತ್ತವೆ ಎಂದು ಬಿದಿರು ಕಡಿಸುವವರು ನಂಬಿ ಹಾಗೆಯೇ ಮಾಡಿಸಿದರು. ಹಳ್ಳಿಗರು ಬೇರೆಯದನ್ನೇ ಹೇಳುತ್ತಿದ್ದರು: ಮುಳ್ಳು ಹೋದರೆ ಕಳಲೆ ಉಳಿಯದು, ದನ ಮತ್ತು ಕಾಡುಪ್ರಾಣಿಗಳು ತಿಂದು ಮುಗಿಸುತ್ತವೆ ಎಂದು. ಕಾಡಿನಲ್ಲಿ ಲೆಕ್ಕ ಹಾಕಿ ನೋಡಿದಾಗ ಹಳ್ಳಿಗರ ಮಾತೇ ಸರಿಯೆಂದು ಕಂಡುಬಂದಿತು. ಮೆಳೆಯ ಬಳಿ ಬದುಕಿದವರಿಗೆ ತಿಳಿದಿದ್ದುದು ಯೋಜನೆ ಬರೆದವರಿಗೆ ತಿಳಿದಿರಲಿಲ್ಲ. ಕೊಳಲು ಮಾಡುವ ಜ್ಞಾನ, ಮೆಳೆ ಕಾಯುವ ಜ್ಞಾನ ಎಂದು ಎರಡಿಲ್ಲ. ಎರಡೂ ಒಂದೇ ಬಳಿ ಕಲಿತದ್ದು, ಒಂದು ಹೋದರೆ ಇನ್ನೊಂದೂ ಹೋಗುತ್ತದೆ.

ಬಿದಿರಿಗೆ ತನ್ನದೇ ಆದ ಕಾಲಚಕ್ರವೂ ಇದೆ. ಹೆಬ್ಬಿದಿರು ಸುಮಾರು ನಾಲ್ಕೈದು ದಶಕಕ್ಕೊಮ್ಮೆ ಒಟ್ಟಾಗಿ ಹೂ ಬಿಡುತ್ತದೆ, ಬಿದಿರಕ್ಕಿ ಉದುರಿಸುತ್ತದೆ, ಸಾಯುತ್ತದೆ. ಬೀಜದಿಂದ ಹುಟ್ಟಿದ ಸಸಿಯು ಕಡಿಯಲು ತಕ್ಕ ಮೆಳೆಯಾಗಲು ಎಂಟು ಹತ್ತು ವರ್ಷಗಳು ಬೇಕು. ಆ ವರ್ಷಗಳಲ್ಲಿ ಸಸಿಗೆ ಬೆಳಕು ಬೇಕು, ಕಾವಲು ಬೇಕು. ಬಿಳಿಗಿರಿರಂಗನ ಬೆಟ್ಟದಂತಹ ಕಡೆ ಲಂಟಾನ ಪೊದೆಗಳು ಕಾಡಿನ ನೆಲವನ್ನು ಮುಚ್ಚಿ ಸಸಿಗಳಿಗೆ ಎಡೆಯಿಲ್ಲದಂತೆ ಮಾಡಿವೆ. ಹಿಂದೆ ನೆಲಮಟ್ಟದ ಸಣ್ಣ ಬೆಂಕಿಯಿಂದ ಲಂಟಾನವನ್ನು ಹತೋಟಿಯಲ್ಲಿಡುತ್ತಿದ್ದೆವು, ಅದನ್ನು ನಿಲ್ಲಿಸಿದ ಮೇಲೆ ಅದು ಹಬ್ಬಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಬಿದಿರಿನ ಬದಲು ಅದೇ ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿಗಳನ್ನು ಮಾಡುವ ಕೆಲಸ ನಡೆದಿದೆ. ಅದು ಮೆಚ್ಚಬೇಕಾದ ಕೆಲಸವೇ. ಆದರೆ ಲಂಟಾನ ಕುರ್ಚಿಯಾದೀತು, ಕೊಳಲಾಗದು.

ಕಾನೂನಿನ ಎರಡು ಮುಖ

1927ರ ಭಾರತೀಯ ಅರಣ್ಯ ಕಾಯಿದೆಯು ಬಿದಿರನ್ನು ಮರವೆಂದು ಕರೆಯಿತು. ಹುಲ್ಲು ಮರವಾದುದು ಪದಕೋಶದ ತಪ್ಪು ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಆ ಒಂದು ಪದದಿಂದ ಬಿದಿರು ಕಡಿಯುವವನಿಗೂ ಸಾಗಿಸುವವನಿಗೂ ಅನುಮತಿ ಪತ್ರ, ದಂಡ, ಜಪ್ತಿಗಳು ಬೆನ್ನು ಹತ್ತಿದವು. 2006ರ ಅರಣ್ಯ ಹಕ್ಕು ಕಾಯಿದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿ, ಅದರ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯಮಾಡಿತು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಗ್ರಾಮಸಭೆಗೆ 2011ರ ಏಪ್ರಿಲ್‌ನಲ್ಲಿ ಬಿದಿರು ಸಾಗಣೆಯ ಪರವಾನಗಿ ಪುಸ್ತಕವೇ ದೊರೆಯಿತು. ಅಂದಿನ ಕೇಂದ್ರ ಸಚಿವರೇ ಹಳ್ಳಿಗೆ ಬಂದು ಅದನ್ನು ಒಪ್ಪಿಸಿದರು. ಅದೇ ವರ್ಷ ಬಿಳಿಗಿರಿರಂಗನ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷವೇ ಅಲ್ಲಿಯ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳೂ ದೊರೆತವು. ಹುಲಿಯೂ ಸೋಲಿಗರೂ ಒಂದೇ ಕಾಡಿನಲ್ಲಿ ಇರಬಲ್ಲರೆಂದು ಕಾಗದದ ಮೇಲಾದರೂ ಒಪ್ಪಿದಂತಾಯಿತು. 2017ರಲ್ಲಿ 1927ರ ಕಾಯಿದೆಗೆ ತಿದ್ದುಪಡಿ ತಂದು ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಡಲಾಯಿತು. ಅರಣ್ಯವಲ್ಲದ ಜಮೀನಿನಲ್ಲಿ ಬೆಳೆದ ಬಿದಿರಿಗೆ ಇದರಿಂದ ದಾರಿ ತೆರೆಯಿತು.

ಹೀಗೆ ಬಾಗಿಲು ಅರ್ಧ ತೆರೆದಿದೆ. ಆದರೆ ಹಕ್ಕುಪತ್ರ ಬಂದ ಮಾತ್ರಕ್ಕೆ ಕೊಳಲು ಹುಟ್ಟುವುದಿಲ್ಲ. ಹಕ್ಕುಪತ್ರ ಬರುವ ಹೊತ್ತಿಗೆ ಮೆಳೆ ಒಣಗಿರಬಹುದು, ಬಲ್ಲ ಹಿರಿಯರು ತೀರಿಹೋಗಿರಬಹುದು, ಮೊಮ್ಮಗ ಊರು ಬಿಟ್ಟಿರಬಹುದು. ಬೆಟ್ಟದ ಊರುಗಳಲ್ಲಿ ನಮ್ಮ ಎದುರಿಗಿರುವ ನಿಜವಾದ ಪ್ರಶ್ನೆ ಇದು.

ಒಂದು ಎಚ್ಚರಿಕೆ

ವಾದ್ಯಗಳನ್ನು ಉಳಿಸಬೇಕೆನ್ನುವ ಉತ್ಸಾಹದಲ್ಲಿ ನಾವು ಮರೆಯುವ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಕರಾವಳಿಯ ಕೊರಗರು ಬಿದಿರು, ಬೆತ್ತ, ಬಳ್ಳಿಗಳಿಂದ ಬುಟ್ಟಿ ಹೆಣೆಯುವ ಜನ. ಡೋಲು, ಕೊಳಲುಗಳನ್ನು ಬಲ್ಲವರು. ಆದರೆ ಅಜಲು ಎಂಬ ಪದ್ಧತಿಯು ಅವರ ಡೋಲನ್ನು ಬಿಟ್ಟಿ ಚಾಕರಿಯಾಗಿ ಮಾಡಿತ್ತು. ಕಂಬಳ, ಜಾತ್ರೆಗಳಲ್ಲಿ ಅವರು ಡೋಲು ಬಡಿಯಲೇಬೇಕಿತ್ತು. ಪ್ರತಿಯಾಗಿ ದೊರೆಯುತ್ತಿದ್ದುದು ಅವಮಾನ. 2000ದಲ್ಲಿ ಕರ್ನಾಟಕವು ಅಜಲು ಪದ್ಧತಿಯನ್ನು ಕಾಯಿದೆಯ ಮೂಲಕ ನಿಷೇಧಿಸಿತು. ಅಂದ ಮೇಲೆ ಕೊರಗ ತರುಣನೊಬ್ಬ ತಾನಿನ್ನು ಡೋಲು ಮುಟ್ಟುವುದಿಲ್ಲವೆಂದರೆ ಅವನನ್ನು ಸಂಸ್ಕೃತಿದ್ರೋಹಿ ಎನ್ನಲು ನಮಗೆ ಅಧಿಕಾರವಿಲ್ಲ. ಅವನೇ ತನ್ನ ಇಚ್ಛೆಯಿಂದ, ತನ್ನವರ ಹಬ್ಬಕ್ಕೆ, ತಲೆಯೆತ್ತಿ ಡೋಲು ಹಿಡಿದರೆ ಆಗ ಅದು ಅವನ ವಾದ್ಯ. ನಾದ ಬೇಕು, ನುಡಿಸುವವನ ಘನತೆ ಬೇಡ ಎನ್ನುವ ಸಮಾಜಕ್ಕೆ ನಾದವನ್ನು ಕೇಳುವ ಯೋಗ್ಯತೆಯಿಲ್ಲ. ಬಯಲಿನ ಹಲಗೆಗೂ ಈ ಮಾತು ಸಲ್ಲುತ್ತದೆ. ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಇನ್ನೊಂದು ಕಡೆ, ನುಡಿಸುವ ಕೈಗಳೇ ಬೇಡವಾಗುತ್ತಿವೆ. ಅನೇಕ ಗುಡಿಗಳಲ್ಲಿ ಇಂದು ಗುಂಡಿ ಒತ್ತಿದರೆ ನಗಾರಿ, ಗಂಟೆ, ಜಾಗಟೆಗಳನ್ನು ತಾನೇ ಬಡಿಯುವ ವಿದ್ಯುತ್ ಯಂತ್ರಗಳಿವೆ. ಜಾತ್ರೆಯ ಮೆರವಣಿಗೆಗಳಲ್ಲಿ ಡಿಜೆ ಪೆಟ್ಟಿಗೆಗಳು ಎದೆ ನಡುಗಿಸುತ್ತವೆ. ಯಂತ್ರ ತಪ್ಪು ಮಾಡುವುದಿಲ್ಲ ನಿಜ. ಆದರೆ ಜಾಗಟೆ ಬಡಿಯಲು ಓಡಿ ಬರುತ್ತಿದ್ದ ಹುಡುಗ ಲಯವನ್ನು ಕಲಿಯುತ್ತಿದ್ದುದು ಅಲ್ಲಿಯೇ. ಆ ಹುಡುಗನೇ ಮುಂದೆ ಭಜನೆಗೆ ತಾಳ ಹಿಡಿಯುತ್ತಿದ್ದ, ಕರಡಿ ಮಜಲಿಗೆ ಸೇರುತ್ತಿದ್ದ. ಅವನ ಮೊದಲ ಮೆಟ್ಟಿಲನ್ನು ನಾವೇ ಕಿತ್ತುಹಾಕಿದ್ದೇವೆ.

ನಾವು ಮಾಡಬಹುದಾದುದು

1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೊ ಚಳುವಳಿಯು ಕಾಲ್ನಡಿಗೆ, ಜನಪದ ಕುಣಿತ, ಯಕ್ಷಗಾನಗಳ ಮೂಲಕ ಊರೂರಿಗೆ ಹೋಯಿತು. ಕಾಡು ಕಲೆಯನ್ನು ಸಾಕಿತ್ತು, ಆಗ ಕಲೆ ಕಾಡನ್ನು ಕಾಯಲು ಬಂದಿತು. ಆ ಋಣವನ್ನು ನಾವು ಇನ್ನೊಮ್ಮೆ ತೀರಿಸಬೇಕಾಗಿದೆ.

ಬೆಟ್ಟದ ಊರಿನವರಲ್ಲಿ ನನ್ನ ವಿನಂತಿ ಇದು. ನಿಮ್ಮ ಗ್ರಾಮಸಭೆಯು ಸಮುದಾಯ ಹಕ್ಕಿನ ಅರ್ಜಿಯಲ್ಲಿ ಬಿದಿರನ್ನು ಹೆಸರಿಸಿ ಬರೆಯಲಿ. ಯಾವ ತಿಂಗಳಲ್ಲಿ, ಎಷ್ಟು ವಯಸ್ಸಿನ ಗಳವನ್ನು, ಮೆಳೆಯೊಂದಕ್ಕೆ ಎಷ್ಟು ಕಡಿಯಬೇಕು ಎಂಬ ಹಿರಿಯರ ನಿಯಮಗಳನ್ನು ಗ್ರಾಮಸಭೆಯೇ ಬರಹಕ್ಕಿಳಿಸಿ ಒಪ್ಪಿಕೊಳ್ಳಲಿ. ಹಕ್ಕಿನ ಜೊತೆಗೆ ನಿಯಮ ಇಲ್ಲದಿದ್ದರೆ ಕಾರ್ಖಾನೆ ಮಾಡಿದ್ದನ್ನು ನಾವೇ ಮಾಡಿದಂತಾದೀತು. ಹೂ ಬಿಟ್ಟು ಸತ್ತ ಮೆಳೆಗಳ ಜಾಗದಲ್ಲಿ ಎದ್ದ ಸಸಿಗಳಿಗೆ ಮೊದಲ ಕೆಲವು ವರ್ಷ ದನ ಮತ್ತು ಲಂಟಾನಗಳಿಂದ ಕಾವಲು ಕೊಡಿರಿ.

ತುಬಚಿಯಂತಹ ಬಯಲಿನ ಊರಿನವರು ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬಿದಿರು ನೆಡಬಹುದು. ಅದು ಮಣ್ಣನ್ನು ಹಿಡಿಯುತ್ತದೆ, ಮೇದಾರ ಕುಟುಂಬಗಳಿಗೆ ಸಮೀಪದಲ್ಲಿಯೇ ಗಳ ಸಿಗುತ್ತದೆ. ಕಬ್ಬನ್ನು ಬೆಳೆಯಬಲ್ಲ ನೆಲ ಕಬ್ಬಿನ ದಾಯಾದಿಯಾದ ಬಿದಿರನ್ನು ಒಲ್ಲೆನೆನ್ನದು. ಜಾತ್ರೆಯ ಸಮಿತಿಯವರು ಡಿಜೆಗೆ ಕೊಡುವ ಹಣದಲ್ಲಿ ಒಂದು ಪಾಲನ್ನಾದರೂ ಕರಡಿ ಮಜಲಿನವರಿಗೆ, ಭಜನಾ ಮೇಳದವರಿಗೆ ಗೌರವದ ಸಂಭಾವನೆಯಾಗಿ ಕೊಡಲಿ.

ವಿದ್ಯಾರ್ಥಿ ಮಿತ್ರರೆ, ನಿಮಗೊಂದು ಕೆಲಸ. ನಿಮ್ಮ ಊರಿನಲ್ಲಿರುವ ವಾದ್ಯಗಳ ಪಟ್ಟಿಯೊಂದನ್ನು ಮಾಡಿರಿ. ಪ್ರತಿಯೊಂದರ ಎದುರು ನಾಲ್ಕು ವಿಷಯಗಳನ್ನು ಬರೆಯಿರಿ: ಇದರ ವಸ್ತು ಎಲ್ಲಿಂದ ಬಂದಿತು, ಮಾಡಿದವರು ಯಾರು, ಈಗ ನುಡಿಸಬಲ್ಲವರು ಎಷ್ಟು ಮಂದಿ, ಅವರಲ್ಲಿ ಮೂವತ್ತು ವಯಸ್ಸಿನ ಒಳಗಿನವರು ಎಷ್ಟು. ಸಂಚಾರಿ ದೂರವಾಣಿಯಲ್ಲಿ ಧ್ವನಿ ಹಿಡಿದಿಡುವುದು ಇಂದು ಸುಲಭ. ನುಡಿಸುವವರ ಒಪ್ಪಿಗೆ ಪಡೆದು ಹಿಡಿದಿಡಿರಿ. ಆದರೆ ಅಷ್ಟಕ್ಕೆ ನಿಲ್ಲಬೇಡಿರಿ. ಹಿಡಿದಿಟ್ಟ ಧ್ವನಿ ದಾಖಲೆಯಾದೀತು, ಮೇಳವಾಗದು. ನಿಮ್ಮಲ್ಲಿ ಒಬ್ಬರಾದರೂ ಹಿರಿಯರ ಪಕ್ಕದಲ್ಲಿ ಕುಳಿತು ತಾಳವನ್ನು ಕೈಗೆ ತೆಗೆದುಕೊಳ್ಳಬೇಕು.

ನಿಮ್ಮ ಪಟ್ಟಿ ಸಿದ್ಧವಾದಾಗ ಅದರ ಒಂದು ಪ್ರತಿಯನ್ನು ಬೆಟ್ಟದ ನಮ್ಮ ಊರುಗಳಿಗೂ ಕಳುಹಿಸಿರಿ. ನಮ್ಮ ಮಕ್ಕಳೂ ತಮ್ಮ ಪಟ್ಟಿಯನ್ನು ಮಾಡಿ ನಿಮಗೆ ಕಳುಹಿಸುತ್ತಾರೆ. ನಿಮ್ಮ ಏಕತಾರಿಯ ದಂಡಕ್ಕೆ ಗಳ ಬೇಕಾದರೆ ಯಾವ ಗ್ರಾಮಸಭೆಯನ್ನು ಕೇಳಬೇಕೆಂದು ಆಗ ನಿಮಗೆ ತಿಳಿಯುತ್ತದೆ. ನಮ್ಮ ಮೇಳಕ್ಕೆ ತಾಳ ಬೇಕಾದರೆ ಯಾವ ಪೇಟೆಯ ಕಂಚುಗಾರನನ್ನು ಹುಡುಕಬೇಕೆಂದು ನಮಗೆ ತಿಳಿಯುತ್ತದೆ. ಹಳೆಯ ದಾರಿ ಹೀಗೆ ಎರಡು ತುದಿಗಳಿಂದಲೂ ಮತ್ತೆ ಸವೆಯಲಿ.